ತಂಪಿನಲ್ಲಿ ಪಾಸಾದ ರ‍್ಯಾಮ್

ಯರಗಟ್ಟಿ ಬಸ್ ಸ್ಟ್ಯಾಂಡಿನ ಎದುರಿಗೆ ನಿಜಗುಣಪ್ಪನವರ ಕಂಪ್ಯೂಟರ್ ಅಂಗಡಿ. ಮುಂದೆ ಗಾಜಿನ ಕೋಣೆ, ಅದರಲ್ಲಿ ಎ.ಸಿ. ಹಿಂದೆ ತಗಡಿನ ಶೆಡ್ಡು, ಅದರಲ್ಲಿ ನಮ್ಮ ದುರ್ಗಾ. ಏಪ್ರಿಲ್ ಬಿಸಿಲಿಗೆ ಅಲ್ಲಿ ಸ್ಕ್ರೂಡ್ರೈವರ್ ಮುಟ್ಟಿದರೂ ಕೈ ಸುಡುತ್ತದೆ. ಗಾಜಿನ ಕೋಣೆಗೆ ಬರಬೇಡವೆಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಬಾ ಎಂದೂ ಹೇಳಿಲ್ಲ.

ಅವಳ ಕೆಲಸ ರ‍್ಯಾಮಿನ ಸ್ಪೀಡ್ ಏರಿಸುವುದು. ಅಂದರೆ ಕಂಪ್ಯೂಟರಿನ ಸಾದಾ ಮೆಮೊರಿ ಪಟ್ಟಿಗೆ ಹೆಚ್ಚು ವೋಲ್ಟೇಜ್ ಕೊಟ್ಟು, ಅದರ ಶಕ್ತಿ ಮೀರಿ ಓಡಿಸುವುದು. ಸಾಹುಕಾರರು ಅದಕ್ಕೆ ಬಣ್ಣದ ದೀಪದ ಕವಚ ತೊಡಿಸಿ, ದುಬಾರಿ ಮಾಲೆಂದು ಮಾರುತ್ತಿದ್ದರು. ಕೈಗೆ ಸಿಕ್ಕವರನ್ನು ಮಿತಿಮೀರಿ ದುಡಿಸುವ ವಿದ್ಯೆ ಅವರಿಗೆ ಹೊಸದೇನಲ್ಲ.

"ಸಾವಕಾರ್ರ, ಶೆಡ್ಡಿನ್ಯಾಗ ಟೆಸ್ಟ್ ಹಚ್ಚಿದ್ರ ಕೆಂಪು ಗೆರಿ ಬರಾಕತ್ತಾವ್ರಿ, ಸೆಕಿಗೆ ಮೆಮೊರಿ ತಪ್ಪಾಕತ್ತೈತ್ರಿ. ಸ್ಪೀಡ್ ಇಳಸೂಣ್ರಿ," ಎಂದು ದುರ್ಗಾ ಹೇಳಿ ನೋಡಿದಳು.

"ಶೆಡ್ಡಿನ್ಯಾಗ ಯಾಕ ಹಚ್ತಿ? ಇಲ್ಲಿ ತಾ, ಎ.ಸಿ. ಒಳಗ ನಾ ಹಚ್ತೇನಿ. ಪಾಸ್ ಆಗ್ತೈತಿ."

ಪಾಸಾಗುತ್ತಿತ್ತು. ತಂಪಿನಲ್ಲಿ ಕೂರಿಸಿದರೆ ಯಾರು ತಾನೇ ಫೇಲಾಗುತ್ತಾರೆ?

ಮುರಗೋಡದಲ್ಲಿ ಆನ್‌ಲೈನ್ ಸೆಂಟರ್ ನಡೆಸುವ ಸ್ನೇಹಲ್ ಒಂದು ದಿನ, ಇಲ್ಲಿಯ ರ‍್ಯಾಮ್ ಹಾಕಿಸಿದ್ದ ಕಂಪ್ಯೂಟರನ್ನೇ ಹೊತ್ತುಕೊಂಡು ಬಂದಳು. ಮಧ್ಯಾಹ್ನವಾದರೆ ಸಾಕು, ಅದು ನಿಂತು ಹುಡುಗರ ಸ್ಕಾಲರ್‌ಶಿಪ್ ಅರ್ಜಿ ಅರ್ಧಕ್ಕೇ ಹಾರಿಹೋಗುತ್ತಿತ್ತು. ಅವಳ ಹಿಂದೆಯೇ ಫೋಟೋ ಸ್ಟುಡಿಯೋದ ಬಸವಲಿಂಗ, ಅವನ ಹಿಂದೆ ಇನ್ನೂ ನಾಲ್ಕಾರು ಜನ, ತಂತಮ್ಮ ಕಂಪ್ಯೂಟರ್ ಹೊತ್ತು. ಎಲ್ಲರದೂ ಅದೇ ಗೋಳು.

"ಮಾಲು ಛಲೋ ಐತ್ರಿ ಮೇಡಮ್ಮಾರ," ಎಂದರು ನಿಜಗುಣಪ್ಪ. "ಜೋಡ್ಸಿದ ಕೈ ಛಲೋ ಇಲ್ಲ. ಆ ಹುಡುಗೀನ್ನ ಇವತ್ತ ಬಿಡಸ್ತೇನಿ, ಮುಗೀತಲ್ಲ?"

ಶೆಡ್ಡಿನಲ್ಲಿದ್ದ ದುರ್ಗಾಳಿಗೆ ಈ ಮಾತು ಕೇಳಿಸಿತು. ಕೈ ಸರಿಯಿಲ್ಲ ಎಂಬ ಹೆಸರು ಬಿದ್ದರೆ ಸವದತ್ತಿಯಿಂದ ರಾಮದುರ್ಗದವರೆಗೆ ಯಾವ ಅಂಗಡಿಯವರೂ ಕೆಲಸ ಕೊಡುವುದಿಲ್ಲ. ಅವಳು ಸೀದಾ ಗಾಜಿನ ಕೋಣೆಗೆ ಬಂದಳು. ಸ್ನೇಹಲ್ ತಂದ ಕಂಪ್ಯೂಟರಿಗೆ ಟೆಸ್ಟ್ ಹಚ್ಚಿದಳು. ಒಂದೂ ಕೆಂಪು ಗೆರೆ ಇಲ್ಲ.

"ನೋಡ್ರಿ, ಹೆಂಗೈತಿ," ಎಂದು ಸಾಹುಕಾರರು ಮೀಸೆ ತಿರುವಿದರು.

"ಈಗ ಎ.ಸಿ. ಬಂದ್ ಮಾಡ್ರಿ," ಎಂದಳು ದುರ್ಗಾ.

"ಯಾಕ?"

"ಈ ಅಕ್ಕಾರ ಸೆಂಟರಿನ್ಯಾಗ ಎ.ಸಿ. ಇಲ್ರಿ."

ಸ್ನೇಹಲ್ ಮೇಜಿನ ಮೇಲಿದ್ದ ರಿಮೋಟ್ ಎತ್ತಿಕೊಂಡು ಎ.ಸಿ. ಆರಿಸಿದಳು. ರಿಮೋಟನ್ನು ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ಬಂದವರೆಲ್ಲ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗಾಜಿನ ಕೋಣೆಗೆ ಕಿಟಕಿ ಎಲ್ಲಿಂದ ಬರಬೇಕು? ಸಾಹುಕಾರರ ಅಂಗಿ ಬೆನ್ನಿಗೆ ಅಂಟಿತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಕೆಂಪು ಗೆರೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಪರದೆಯೆಲ್ಲ ಕೆಂಪು.

"ಸಾಕ್ ಬಿಡ್ರಿ, ಜೀವ ಹೋಗಾಕತ್ತೈತಿ," ಎನ್ನುತ್ತ ನಿಜಗುಣಪ್ಪ ಎದ್ದರು.

ಬಾಗಿಲಿಗೆ ಅಡ್ಡ ಕೂತಿದ್ದ ಬಸವಲಿಂಗ ಮಿಸುಕಲಿಲ್ಲ. "ಇದು ಮುಗದ ಮ್ಯಾಲ ನಂದೂ ಹಚ್ಚವಾ ತಂಗಿ," ಎಂದ.

"ಎಲ್ಲಾರದೂ ಹಚ್ಚೂಣಣ್ಣಾ," ಎಂದಳು ದುರ್ಗಾ. "ಸಾವಕಾರ್ರ, ಕುಂದರ್ರಿ. ನನಗ ಈ ಸೆಕಿ ರೂಢಿ ಐತಿ, ನಿಮಗೂ ಆಗ್ತೈತಿ."