ಕ್ರೇನು ಕೂತ ಹೊತ್ತು

"ಬೆಲೆಯಂತೆ ಬೆಲೆ! ಇಡೀ ವರ್ಷಕ್ಕೆ ಮೂರು ಬುಟ್ಟಿ ಹಾಕಿದಾನೆ ಕಣಮ್ಮ. ಅದರಲ್ಲೊಂದು ಬೋರ್ಡಿಗೆ ಬಡಿದು, ಪಾಪ ಅಂತ ಅದೇ ಒಳಗೆ ಬಿದ್ದದ್ದು."

"ಬುಟ್ಟಿ ಎಣಿಸೋಕೆ ಸ್ಕೋರ್‌ಬೋರ್ಡ್ ಇದೆ ಸಾರ್. ನಾನು ಬೇರೆ ಏನೋ ಎಣಿಸ್ತಿದೀನಿ."

"ಅದೇ ಏನು ಅಂತ ಬೆಳಗ್ಗೆಯಿಂದ ಬಡ್ಕೋತಾ ಇದೀನಿ. ಬಾಯಿಬಿಟ್ಟು ಹೇಳು."

ಟೈರು ಕಾರ್ಖಾನೆಯ ಹಳೇ ಉಗ್ರಾಣದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ವೀಡಿಯೊ ನೋಡುವ ಕೋಣೆ ಮಾಡಿದ್ದರು. ಕಿಟಕಿ ತೆಗೆದರೂ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ. ಕೋಚು ಮೇಜಿನ ಮೇಲೆ ಒಂದು ತೊಡೆ ಏರಿಸಿ ಕೂತಿದ್ದ. ಅಂಕಿ ಅಂಶ ನೋಡಲೆಂದು ಮುಖ್ಯ ಕಚೇರಿಯವರು ಕಳಿಸಿದ್ದ ಹುಡುಗಿ ಅವನೆದುರು ಜಗ್ಗದೆ ನಿಂತಿದ್ದಳು. ಎಲ್ಲರೂ ಅವಳನ್ನು ಲೆಕ್ಕದಮ್ಮ ಎನ್ನುತ್ತಿದ್ದರು. ಜಗಳ ಒಬ್ಬ ಬದಲಿ ಆಟಗಾರನದು. ತಂಡದಿಂದ ಒಬ್ಬನನ್ನು ತೆಗೆಯಿರಿ ಎಂದು ಮೇಲಿನವರು ಹೇಳಿದ್ದರು. ತಂಡ ಬಿಟ್ಟವನಿಗೆ ಅರ್ಧ ದಿನದ ಆಟದ ರಜೆ ಹೋಗಿ, ರಬ್ಬರು ಬೇಯಿಸುವ ಶೆಡ್ಡಿನಲ್ಲಿ ಪೂರ್ತಿ ಪಾಳಿ. ಆ ಶೆಡ್ಡಿನಿಂದ ಹೊರಬಂದವರು ಕೆಮ್ಮುವುದನ್ನು ಕೇಳಿದವರು ಯಾರೂ ಅಲ್ಲಿಗೆ ಹೋಗಲು ಇಷ್ಟಪಡುತ್ತಿರಲಿಲ್ಲ.

ಕೋಚು ತೆಗೆಯಬೇಕೆಂದಿದ್ದವನು ಕುರ್ಚಿ. ಸದಾ ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದುದರಿಂದ ಆ ಅಡ್ಡಹೆಸರು. ಸಾಲದ್ದಕ್ಕೆ ಅವನು ಕೋಚಿನ ಷಡ್ಡಕ, ಹೆಂಡತಿಯ ಕೊನೇ ತಂಗಿಯ ಗಂಡ. ತಂಡಕ್ಕೆ ಸೇರಿಸಿದ್ದೂ ಆ ಅಕ್ಕತಂಗಿಯರ ಕಾಟಕ್ಕೆ.

"ಅವನು ಅಂಗಳದಲ್ಲಿದ್ದಾಗ ನಾವೆಷ್ಟು ಹಾಕಿದ್ವಿ, ಅವರೆಷ್ಟು ಹಾಕಿದ್ರು, ಅಷ್ಟೇ ನೋಡಿ," ಅಂದಳು ಲೆಕ್ಕದಮ್ಮ. "ಅವನಿದ್ದಾಗ ಪ್ರತಿ ಸಲ ನಾವೇ ಮುಂದೆ. ಅವನು ಕೂತ ತಕ್ಷಣ ಹಿಂದೆ. ಎಲ್ಲರಿಗಿಂತ ಹೆಚ್ಚು ಬುಟ್ಟಿ ಹಾಕೋ ನಿಮ್ಮ ಹೀರೋಗೂ ಇಂಥ ಲೆಕ್ಕ ಇಲ್ಲ. ಚೆಂಡು ಮುಟ್ಟದೇನೇ ಏನೋ ಮಾಡ್ತಿದಾನೆ. ನಾಲ್ಕು ಜನರನ್ನ ಚೆನ್ನಾಗಿ ಆಡಿಸೋನು ಅವನು. ಅವನನ್ನ ತೆಗೆದ್ರೆ ತಂಡದ ಬೆನ್ನು ಮುರೀತೀರಿ."

ಕೋಚಿಗೆ ನಗು ಬಂತು. ಯಾಕೆ ಮುಂದೆ ಎಂದು ಅವನಿಗೆ ಗೊತ್ತಿತ್ತು. ಹೇಳಬೇಕಾದ್ದೇನಿದೆ, ಹುಡುಗಿ ಸಂತೋಷವಾಗಿರಲಿ, ಅವನ ಬದಲು ಇನ್ಯಾರನ್ನೋ ತೆಗೆದರಾಯಿತು ಎಂದು ಒಂದು ಗಳಿಗೆ ಅನ್ನಿಸಿಯೂ ಅನ್ನಿಸಿತು. ಮನೆಯಲ್ಲಾದರೂ ನೆಮ್ಮದಿ ಇರುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ನೀರಿನ ಬಾಟಲಿಗಳು ಕಟಕಟ ಅಂದವು. ಕುರ್ಚಿ ಕ್ರೇಟು ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದನೆಂದು ಮುಖವೇ ಹೇಳುತ್ತಿತ್ತು.

"ಮೇಡಂ, ಇನ್ನೊಂದ್ಸಲ ಹೇಳಿ. ಬೆನ್ನು ಅಂದ್ರಲ್ಲ, ಅದು."

"ಬಾಟಲಿ ಇಟ್ಟು ಹೋಗೋ," ಅಂದ ಕೋಚು.

ಕುರ್ಚಿ ಹೋಗಲಿಲ್ಲ. "ಅಣ್ಣ, ಇವತ್ತು ಸಂಜೆ ಬಂದರಿನವರ ಮೇಲೆ ಮೊದಲಿಂದ ನನ್ನ ಆಟಕ್ಕೆ ಇಳಿಸು. ಅವರ ಕ್ರೇನನ್ನ ನಾನೇ ಹಿಡೀತೀನಿ."

ಕ್ರೇನೆಂದರೆ ಬಂದರಿನ ತಂಡದ ದೈತ್ಯ. ಬಾಗಿಲಿಗೆ ಬಗ್ಗಿ ಒಳಗೆ ಬರುವವನು.

"ಆರು ವರ್ಷ ನನ್ನ ಮೂಲೇಲಿ ಕೂರಿಸಿದೀಯ," ಎಂದು ಕುರ್ಚಿ ಧ್ವನಿ ಏರಿಸಿದ. "ಸೋತಿದ್ದೆಲ್ಲ ನಿನ್ನಿಂದ. ಮನೆಗೆ ಬಂದ್ರೆ ನಿನ್ನ ದಯೆಯಿಂದ ಅನ್ನ ತಿಂತಿದೀವಿ ಅನ್ನೋ ಮಾತು. ಕೇಳಿ ಕೇಳಿ ಸಾಕಾಗಿದೆ. ದಯೆ ಯಾರದ್ದು ಅಂತ ಈಗ ಗೊತ್ತಾಯ್ತಲ್ಲ."

ಅಂಗಳದಲ್ಲಿ ಓಡುತ್ತಿದ್ದ ಆಟಗಾರರು ದನಿ ಕೇಳಿ ಬಾಗಿಲಿಗೆ ಬಂದರು. ಅವರನ್ನು ಕಂಡದ್ದೇ ಕೋಚಿನ ತಲೆಗೆ ರಕ್ತ ಏರಿತು. ಮೇಜಿನಿಂದ ಇಳಿದ.

"ಲೆಕ್ಕದಮ್ಮ, ಇವನು ಆಡಿದ ಹೊತ್ತನ್ನ ಎಣಿಸಿದೆ. ಸರಿ. ಆ ಹೊತ್ತನ್ನ ಆರಿಸಿದವರು ಯಾರು ಅಂತ ಎಣಿಸಿದೆಯಾ? ಹಾಕು ವೀಡಿಯೊ. ಇವನು ಇಳಿಯೋದನ್ನ ನೋಡಬೇಡ. ಅವರ ಬೆಂಚು ನೋಡು."

ಅವಳು ಹಾಕಿದಳು. ಕುರ್ಚಿ ಅಂಗಳಕ್ಕೆ ಇಳಿಯುತ್ತಿದ್ದಾನೆ. ಆಚೆ ಬೆಂಚಿನಲ್ಲಿ ಕ್ರೇನು ತಲೆಯ ಮೇಲೆ ಟವೆಲು ಹೊದ್ದು ಕೂತಿದ್ದಾನೆ. ಮುಂದಿನ ಪಂದ್ಯ, ಬೇರೆ ತಂಡ. ಅವರ ಎತ್ತರದವನು ನೀರು ಕುಡಿಯುತ್ತ ಕೂತಿದ್ದಾನೆ. ಅದರ ಮುಂದಿನದೂ ಹಾಗೇ.

"ಎದುರಿನ ದೊಡ್ಡವನನ್ನ ಬದಲಾಯಿಸೋಕೆ ಅವರ ಹುಡುಗ ಸ್ಕೋರು ಬರೆಯೋರ ಮೇಜಿನ ಹತ್ತಿರ ಬಂದು ನಿಂತ್ರೆ ಸಾಕು, ನಾನು ಇವನನ್ನ ಎಬ್ಬಿಸ್ತಿದ್ದೆ. ರೆಫರಿಯ ಒಂದೇ ವಿಸಲ್ಲಿಗೆ ಅವನು ಹೊರಗೆ, ಇವನು ಒಳಗೆ. ಅವನು ಎದ್ದ ಅಂದ್ರೆ ಇವನು ವಾಪಸ್ಸು ಬೆಂಚಿಗೆ. ಆರು ವರ್ಷ ಒಬ್ಬ ಗಂಡಸಿನ ಎದುರೂ ಇವನನ್ನ ನಿಲ್ಲಿಸಿಲ್ಲ. ನಾದಿನಿ ಮನೆ ಮಾನ ಅಂತ, ಕೋಳಿ ಮರಿ ಮುಚ್ಚಿಟ್ಟ ಹಾಗೆ ಮುಚ್ಚಿಟ್ಟೆ. ನೀನು ಅದನ್ನ ಬೆಲೆ ಅಂತೀಯ."

ಲೆಕ್ಕದಮ್ಮನ ಕಿವಿ ಕೆಂಪಾಯಿತು. ಕೂತು ಕಂಪ್ಯೂಟರಿನ ಕೀಲಿ ಒತ್ತತೊಡಗಿದಳು. ಎಲ್ಲರೂ ಕಾದರು. ಕುರ್ಚಿ ಮಾತ್ರ ತೆರೆಯನ್ನೇ ನೋಡುತ್ತಿದ್ದ.

"ಹೇಳಮ್ಮ," ಅಂದ ಕೋಚು. ಅವಳ ಮುಖದಲ್ಲೇ ಉತ್ತರ ಓದಿಕೊಂಡಾಗಿತ್ತು. ಆದರೂ ಬಿಡಲಿಲ್ಲ. "ಎಲ್ಲರಿಗೂ ಕೇಳಲಿ."

"ಅವರ ಬದಲಿಗಳ ಎದುರು ನಾವು ಬೇರೆ ಯಾರನ್ನ ಇಳಿಸಿದಾಗಲೂ ಮುಂದೇನೇ ಇದೀವಿ," ಎಂದಳು. "ಇವರಿದ್ದಾಗ ಸ್ವಲ್ಪ ಕಮ್ಮಿ ಮುಂದೆ."

"ಅಂದ್ರೆ?" ಅಂದ ಕುರ್ಚಿ.

"ಅಂದ್ರೆ ನೀವು ಇಲ್ಲದಿದ್ರೆ ತಂಡಕ್ಕೆ ಇನ್ನೂ ಒಳ್ಳೇದು." ತಾನೇ ಕಟ್ಟಿ ತಾನೇ ಕೆಡವಿದ ನಾಚಿಕೆಗೆ ಅವಳು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದಳು.

ಕುರ್ಚಿ ತುಟಿ ಸವರಿಕೊಂಡ. "ನಾನು ಬೇರೆ ಥರ ಅಂದ್ಕೊಂಡಿದ್ದೆ," ಅಂದ. "ನಾನು ಇಳಿದೆ ಅಂತ ಕ್ರೇನು ಹೋಗಿ ಕೂತ್ಕೋತಾನೆ ಅಂತ. ಮನೇಲೂ ಹಾಗೇ ಹೇಳಿದೀನಿ. ನನ್ನೆದುರು ಆಡೋಕೆ ಅವನಿಗೆ ಆಗಲ್ಲ ಅಂತ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಬಾಗಿಲಲ್ಲಿದ್ದ ಹೀರೋ ಕಿಸಕ್ಕೆಂದ. ಇನ್ನೊಬ್ಬ ಗೋಡೆ ಹಿಡಿದುಕೊಂಡ. "ಕ್ರೇನಿಗೆ ಹೆದರಿಕೆಯಂತೆ ಕಣ್ರೋ!" ಇಡೀ ಕೋಣೆ ಹೊಟ್ಟೆ ಹಿಡಿದು ನಕ್ಕಿತು. ಲೆಕ್ಕದಮ್ಮನೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಕೋಚು. ಕಣ್ಣಲ್ಲಿ ನೀರು ಬಂತು, ನಿಲ್ಲಿಸೋಣವೆಂದರೆ ಆಗಲಿಲ್ಲ.

"ನಿನ್ನ ಹೆಂಡತಿ ಏನಂದ್ಲೋ?" ಎಂದು ಕೇಳಿದ, ಉಸಿರು ಸಿಕ್ಕಾಗ.

"ನಂಬಿದ್ಲು," ಅಂದ ಕುರ್ಚಿ.

ಮತ್ತೆ ನಗು.

ಕುರ್ಚಿ ಕ್ರೇಟನ್ನು ಗೋಡೆಗೆ ಒತ್ತಿ ನೆಟ್ಟಗೆ ಇಟ್ಟ. ಆಟದ ಜಾಕೀಟು ಬಿಚ್ಚಿ, ತೋಳುಗಳನ್ನು ಒಳಗೆ ಮಡಿಸಿ ಬಾಟಲಿಗಳ ಮೇಲೆ ಹಾಕಿದ. ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಬನಿಯನ್ನಿನಲ್ಲೇ ಅಂಗಳ ದಾಟಿದ.

"ಶೆಡ್ಡಿನ ಪಾಳಿ ಸೋಮವಾರದಿಂದ," ಎಂದು ಕೋಚು ಹಿಂದಿನಿಂದ ಕೂಗಿದ. "ಇವತ್ತು ಐದಕ್ಕೆ ಬಸ್ಸು. ಬಾಟಲಿ ತುಂಬೋಕೆ ಬಾ."

ಐದಕ್ಕೆ ಅವನು ಬರಲಿಲ್ಲ. ಹೀರೋ ಗೊಣಗುತ್ತ ಬಾಟಲಿ ತುಂಬಿದ. ಪಂದ್ಯದ ನಡುವೆ ಬಂದರಿನವರ ಬದಲಿ ಹುಡುಗ ಮೇಜಿನ ಹತ್ತಿರ ಬಂದು ನಿಂತ. ಕ್ರೇನು ಟವೆಲಿಗೆ ಕೈ ಚಾಚುತ್ತಿದ್ದ. ಕೋಚಿನ ಬೆರಳು ಅಭ್ಯಾಸಬಲದಿಂದ ಬೆಂಚಿನ ತುದಿಗೆ ಹೋಯಿತು. "ಏಳೋ," ಅಂದ.

ಅಲ್ಲಿ ಜಾಕೀಟಿತ್ತು. ಯಾರೋ ತಂದಿಟ್ಟಿದ್ದರು, ತಮಾಷೆಗೆ.

ಸೋಮವಾರ ಅವನು ಶೆಡ್ಡಿಗೂ ಬರಲಿಲ್ಲ. ಬೆಳಗ್ಗೆಯೇ ನಾದಿನಿ ಬಂದು ಕೋಚಿನ ಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಕಾಲಿಡದೆ, "ಭಾವ, ಆ ದಿನ ನಮ್ಮ ಯಜಮಾನರಿಗೆ ಏನಂದ್ರಿ?" ಎಂದು ಕೇಳಿದಳು. ಕೋಚು ಶೂಸಿನ ದಾರ ಕಟ್ಟುವುದರಲ್ಲಿದ್ದ. ಕಟ್ಟಿ ಮುಗಿದ ಮೇಲೂ ತಲೆ ಎತ್ತಲಿಲ್ಲ.