ಹಳದಿ ಗುರುತು

ಬೆಳಿಗ್ಗೆ ಒಂಬತ್ತಕ್ಕೆ ಗಾರ್ಡನ್ ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಶೆಡ್ಡಿಗೆ ಬಂದ. ಮೊನ್ನೆ ಬುಧವಾರ ಅವನ ಕಣ್ಣಿನ ಪೊರೆ ತೆಗೆದಿದ್ದರು. ಬಂದವನೇ ತನ್ನ ಉದ್ದನೆಯ ಸ್ಪ್ಯಾನರನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿದ.

"ಎಲ್ಲಿ ಹೋದ್ಳೋ ನಮ್ಮ ಹುಡುಗಿ? ಆ ಎಂಟು ಬೋಲ್ಟು ಬಿಗಿ ಮಾಡ್ಬಿಡ್ತೀನಿ."

ಶೆಡ್ಡು ಖಾಲಿಯಿತ್ತು. ಮಿನಿ ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ. ಕಾಲು ಗಂಟೆಯ ಹಿಂದೆ ಅದರ ಒಡತಿ ಮಾರ್ಲೀನ್ ಅದನ್ನು ಓಡಿಸಿಕೊಂಡು ಹೋಗಿದ್ದಳು. ನಾನೇ ಬಾಗಿಲು ತೆರೆದು ಕೈ ಬೀಸಿದ್ದೆ.

"ಯಾವ ಎಂಟು?" ಎಂದೆ.

"ಮುಂದಿನ ಚೌಕಟ್ಟಿಂದು ಕಣೋ ಲೆನ್. ಬುಧವಾರ ನೀನು ಹತ್ಸಿದ್ಯಲ್ಲ."

ಆ ಚೌಕಟ್ಟಿನ ಮೇಲೆ ಎಂಜಿನ್ ಕೂತಿದೆ. ಮುಂದಿನ ಎರಡೂ ಚಕ್ರ ಅದರಲ್ಲೇ ಇವೆ. ಮಾರ್ಲೀನಳ ನಲವತ್ತು ವರ್ಷದ ಮಿನಿಯ ಹಳೆಯ ಎಂಜಿನ್ ಸತ್ತಾಗ, ಗುಜರಿಗೆ ಹೋದ ಜಪಾನಿ ಕಾರೊಂದರ ಎಂಜಿನ್ ಸಿಕ್ಕಿತು. ಹಳೆಯದರ ಮೂರು ಪಟ್ಟು ಬಲ. ಅದು ಹಿಡಿಸಲೆಂದು ಮಿನಿಯ ಮೂತಿ ಕತ್ತರಿಸಿ, ಹೊಸ ಉಕ್ಕಿನ ಚೌಕಟ್ಟು ಕೂರಿಸಿ, ಆರು ತಿಂಗಳು ದುಡಿದಿದ್ದೆವು. ಆ ಚೌಕಟ್ಟನ್ನು ಕಾರಿಗೆ ಹಿಡಿದಿರುವುದು ಎಂಟೇ ಬೋಲ್ಟು.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ನಾರ್ಮ್ ಕಪ್ಪು ಕೆಳಗಿಟ್ಟ. "ಏನ್ ಮಾತಾಡ್ತಿದ್ದೀರೋ? ಎಂಟಕ್ಕೂ ನಾನು ಹಳದಿ ಬಳ್ದಿದ್ದೀನಿ."

"ಬಿಗಿ ಇದ್ಯಾ ಅಂತ ನೋಡಿದ್ಯೇನೋ?" ಎಂದ ಗಾರ್ಡನ್.

"ನೋಡೋದು ಯಾವತ್ತೋ ನನ್ನ ಕೆಲಸ ಆಗಿತ್ತು? ನನ್ನ ಮುಂದೆ ಬಂತು, ಬಳ್ದೆ."

ಅವನನ್ನು ಬೈಯಲು ನನಗೆ ಬಾಯಿರಲಿಲ್ಲ. ಕಾರು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನಾವು ಮೂವರೂ, ಕಾರುಗಳು ಒಂದೊಂದಾಗಿ ಮುಂದೆ ಸಾಗುವ ಒಂದೇ ಸಾಲಿನಲ್ಲಿ ನಿಂತವರು. ನಾನು ಬೋಲ್ಟನ್ನು ಬೆರಳಲ್ಲಿ ಎರಡು ಸುತ್ತು ಹತ್ತಿಸಿ ಬಿಡುತ್ತಿದ್ದೆ. ಗಾರ್ಡನ್ ಬಿಗಿ ಮಾಡುತ್ತಿದ್ದ. ನಾರ್ಮ್ ಬಿಗಿಯಾಯಿತೆಂದು ಹಳದಿ ಗೀಟು ಎಳೆಯುತ್ತಿದ್ದ. ಸ್ಟಾಪ್‌ವಾಚ್ ಹಿಡಿದ ಸಾಹೇಬನೊಬ್ಬ ನಮ್ಮ ಬೆನ್ನ ಹಿಂದೆ ನಿಂತು, ಒಬ್ಬ ಮನುಷ್ಯನ ಕೆಲಸವನ್ನು ಸೆಕೆಂಡುಗಳಲ್ಲಿ ಅಳೆದು ಮೂರು ತುಂಡು ಮಾಡಿದ್ದ. ಪಕ್ಕದವನ ತುಂಡಿನ ಕಡೆ ಕತ್ತು ತಿರುಗಿಸಿದರೆ ಎಚ್ಚರಿಕೆಯ ಚೀಟಿ. ಬೇಡವಾದ ದಿನ ಗೇಟು ಹಾಕಿ ನಮ್ಮನ್ನು ಹೊರಗೆ ನಿಲ್ಲಿಸಿದರು. ಅಲ್ಲೀಗ ಮಾಲ್ ಇದೆ. ಸಾಲು ಮಾತ್ರ ನಮ್ಮ ಕೈಯೊಳಗೆ ಇನ್ನೂ ಓಡುತ್ತಿದೆ. ಶೆಡ್ಡಿನಲ್ಲೂ ನಾವು ಅದೇ ಕ್ರಮದಲ್ಲಿ ನಿಂತಿದ್ದೆವು, ಯಾರೂ ಹೇಳದಿದ್ದರೂ. ಬುಧವಾರ ನಡುವಿನವನು ಆಸ್ಪತ್ರೆಯಲ್ಲಿದ್ದ. ಮೊದಲನೆಯವನೂ ಕೊನೆಯವನೂ ತಮ್ಮ ತಮ್ಮ ತುಂಡು ಮುಗಿಸಿ ಮನೆಗೆ ಹೋದರು.

ಮಾರ್ಲೀನ್ ಅದೇ ಕಾರ್ಖಾನೆಯಲ್ಲಿ ಸೀಟು ಹೊಲಿದವಳು. ಹಳದಿ ಕಂಡಳು, ನಂಬಿದಳು.

ಫೋನು ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಆ ಎಂಜಿನ್ನಿನ ಆರ್ಭಟದಲ್ಲಿ ಅವಳಿಗೆ ಏನು ಕೇಳೀತು? ಲಿಕ್ಕಿ ಗುಡ್ಡದ ತುದಿಯಲ್ಲಿ ಚಹಾ ಕುಡಿದು, ಆಚೆ ಬದಿಯ ಕಡಿದಾದ ಇಳಿಜಾರಿನಲ್ಲಿ ತಂಗಿಯ ಮನೆಗೆ ಹೋಗುವೆನೆಂದು ಹೇಳಿದ್ದಳು. ಏರುವಾಗ ಬೋಲ್ಟುಗಳು ಹೇಗೋ ತಡೆದಾವು. ಇಳಿಜಾರಿನಲ್ಲಿ ಬ್ರೇಕು ತುಳಿದರೆ ಚಕ್ರ ಒಂದು ಕಡೆ, ಕಾರು ಒಂದು ಕಡೆ.

ನಮ್ಮ ಮೂವರಲ್ಲಿ ಯಾರ ಬಳಿಯೂ ಕಾರಿಲ್ಲ. ಜೀವಮಾನವಿಡೀ ಕಾರು ಮಾಡಿದವರು ಸ್ಪ್ಯಾನರ್ ಹಿಡಿದು ಬಸ್ ಸ್ಟಾಪಿಗೆ ಓಡಿದೆವು.

ಬಸ್ಸಿನ ಚಾಲಕ ನಮ್ಮ ಮುದುಕರ ಉಚಿತ ಪಾಸು ನೋಡಿ ಆಗದೆಂದು ತಲೆಯಾಡಿಸಿದ. "ಈ ಪಾಸು ನಡಿಯೋಕೆ ಒಂಬತ್ತೂವರೆ ಆಗ್ಬೇಕು ತಾತ. ಇನ್ನೂ ಎಂಟು ನಿಮಿಷ ಇದೆ."

"ಅಷ್ಟರಲ್ಲಿ ಒಬ್ಳು ಸಾಯ್ತಾಳೆ ಕಣಯ್ಯ!" ಗಾರ್ಡನ್ ನೋಟೊಂದನ್ನು ಅವನ ಮುಂದೆ ಎಸೆದ.

ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಪ್ರತಿ ತಿರುವಿನಲ್ಲೂ ನಾನು ರಸ್ತೆಯ ಬದಿ ನೋಡಿದೆ: ಮುರಿದ ಬೇಲಿ, ಗುಂಪುಗೂಡಿದ ಜನ, ಪೊಲೀಸರ ನೀಲಿ ದೀಪ. ಏನೂ ಇರಲಿಲ್ಲ. ಇಲ್ಲದ್ದೇ ಹೆಚ್ಚು ಹೆದರಿಸಿತು. ನಾರ್ಮ್ ತನ್ನ ಬೆರಳನ್ನೇ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಹಳದಿ.

ಬಸ್ಸು ಗುಡ್ಡದ ಬುಡದಲ್ಲಿ ಇಳಿಸಿತು. ಏರು ಹತ್ತುವಾಗ ನಾರ್ಮನ ಎದೆ ತೂತಾದ ತಿದಿಯಂತೆ ಸದ್ದು ಮಾಡಿತು. "ನೀವ್ ಹೋಗ್ರೋ, ಹೋಗ್ರೋ" ಎನ್ನುತ್ತಲೇ ಹಿಂದೆ ಬಂದ.

ತುದಿಯಲ್ಲಿ, ಚಹಾದಂಗಡಿಯ ಮುಂದೆ ಕೆಂಪು ಮಿನಿ ಹೊರಡಲು ಸಿದ್ಧವಾಗಿತ್ತು. ಎಂಜಿನ್ ಗುಡುಗುತ್ತಿತ್ತು, ಮೂತಿ ಇಳಿಜಾರಿನ ಕಡೆಗೆ. ನಾನು ಅದರ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತುಬಿಟ್ಟೆ.

ಮಾರ್ಲೀನ್ ಗಾಜು ಇಳಿಸಿದಳು. "ತಲೆ ಕೆಟ್ಟಿದ್ಯೇನೋ ಲೆನ್? ಕಾರಿನಡಿ ಬಿದ್ದು ಸಾಯ್ಬೇಕು ಅಂತಿದ್ಯಾ?"

"ಆರ್ಸು. ಮೊದ್ಲು ಎಂಜಿನ್ ಆರ್ಸು ಮಾರಾಯ್ತಿ."

ಆರಿಸಿದಳು. ನಾನು ರಸ್ತೆಯ ಮೇಲೇ ಅಂಗಾತ ಮಲಗಿ ಕೈ ಒಳಗೆ ಹಾಕಿದೆ. ಮೊದಲ ಬೋಲ್ಟು ಬೆರಳಿಗೇ ತಿರುಗಿತು. ಎರಡನೆಯದೂ. ಐದನೆಯದು ಬಿಚ್ಚಿ ನನ್ನ ಅಂಗೈಗೆ ಬಿತ್ತು, ಹಳದಿ ಗೀಟಿನ ಸಮೇತ. ಅದನ್ನು ಅವಳಿಗೆ ಕೊಟ್ಟೆ. ಮಾರ್ಲೀನ್ ಹಳದಿ ಗೀಟನ್ನು ಉಗುರಿನಿಂದ ಕೆರೆದಳು.

"ಯಾರ್ ಕೆಲಸ ಇದು?"

ನಿಜ ಹೇಳಬೇಕೆಂದರೆ ಅದು ಯಾರ ಕೆಲಸವೂ ಆಗಿರಲಿಲ್ಲ.

ಗಾರ್ಡನ್ ಮಂಡಿಯೂರಲು ಹೋದ. ಮಾರ್ಲೀನ್ ಅವನ ಕಾಲರು ಹಿಡಿದೆಳೆದಳು. "ಕಣ್ಣು ಕೊಯ್ಸ್ಕೊಂಡು ಬಗ್ತೀಯಾ, ಕುರುಡಾಗ್ಬೇಕಾ? ಲೆನ್, ನೀನ್ ಮಾಡು."

"ನಾನು ಯಾವತ್ತೂ ಬಿಗಿ ಮಾಡಿಲ್ಲ ಮಾರ್ಲೀನ್."

"ಹಾಗಾದ್ರೆ ಇವತ್ತು ಮಾಡು" ಎಂದು ಬೋಲ್ಟನ್ನು ನನ್ನ ಕೈಗೆ ವಾಪಸು ಹಾಕಿದಳು.

ಸ್ಪ್ಯಾನರ್ ಅಂದುಕೊಂಡದ್ದಕ್ಕಿಂತ ಭಾರವಿತ್ತು. "ಟಕ್ ಅನ್ನೋವರೆಗೂ ಎಳಿ. ಟಕ್ ಅಂದ್ರೆ ಬಿಗಿ ಸಾಕು ಅಂತ, ಆಮೇಲೆ ಒಂದು ಕೂದಲಿನಷ್ಟೂ ಎಳೀಬೇಡ" ಎಂದು ಗಾರ್ಡನ್ ಮೇಲಿನಿಂದ ಹೇಳುತ್ತಿದ್ದ. ಎಂಟು ಬಾರಿ ಟಕ್ ಎಂದಿತು. ಮತ್ತೆ ಮೊದಲಿನಿಂದ ಎಂಟನ್ನೂ ನೋಡಿದೆ. ನಾರ್ಮ್ ಅಭ್ಯಾಸಬಲದಿಂದ ಜೇಬಿನ ಬಣ್ಣದ ಸೀಸೆ ತೆಗೆದ.

"ಬಳಿದ್ರೆ ಕೈ ಮುರೀತೀನಿ" ಎಂದಳು ಮಾರ್ಲೀನ್. ಪಕ್ಕದ ಬಾಗಿಲು ತೆರೆದು ನನ್ನ ಕಡೆ ತಿರುಗಿದಳು. "ಬಿಗಿ ಮಾಡಿದವ್ನು ನನ್ ಪಕ್ಕ ಕೂರ್ಲಿ. ಅದೇ ನನಗೆ ಗುರುತು."

ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಕಾರು ನನ್ನ ಕೈ ದಾಟಿ ಹೋಗಿದ್ದವೋ. ಒಂದರಲ್ಲೂ ನನ್ನನ್ನು ಕೂರಿಸಿರಲಿಲ್ಲ. ಗಡಿಯಾರದ ಸಾಹೇಬನೂ ಕೂತಿರಲಿಲ್ಲ.

ಕೂತೆ. ಅವಳು ಎಂಜಿನ್ ಎಬ್ಬಿಸಿದಳು. ಇಳಿಜಾರಿನ ತಲೆಯಲ್ಲಿ ಕಾರು ಮೂತಿ ತಗ್ಗಿಸಿತು. ಅವಳು ಬ್ರೇಕು ತುಳಿದಾಗಲೆಲ್ಲ ನನ್ನ ಕಾಲೂ ನೆಲ ಒತ್ತಿತು. ಅಷ್ಟು ಗದ್ದಲದಲ್ಲೂ ನಾನು ಎಂಟು ಬೋಲ್ಟುಗಳನ್ನು ಒಂದೊಂದಾಗಿ ಆಲಿಸುತ್ತಿದ್ದೆ.

"ಹೇಗಿದ್ಯೋ?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಮಾತಾಡಿಸ್ಬೇಡ," ಎಂದೆ. "ಇನ್ನೂ ಅರ್ಧ ಗುಡ್ಡ ಇದೆ."