ಕಂದು ಬಿಲ್ಲೆಯ ವಾಸನೆ

ಮಧ್ಯರಾತ್ರಿ ದಾಟಿದ ಮೇಲೆ ಅಡುಗೆಮೂಲೆಯಿಂದ ಟಿಕ್ ಎಂದು ಸಣ್ಣ ಸದ್ದು ಬಂತು. ಸ್ವಲ್ಪ ತಡೆದು ಇನ್ನೊಂದು. ವಸುಧಾ ಓದುತ್ತಿದ್ದಲ್ಲಿಂದ ತಲೆಯೆತ್ತಿ, ಸೂರಿನ ಹಿಮ ಜಾರಿರಬೇಕು ಅಂದುಕೊಂಡಳು. ಮತ್ತೆ ಕೇಳಿಸಿದಾಗ ಎದ್ದು ಹೋದರೆ, ಕರೆಂಟ್ ಒಲೆಯ ಮೇಲೆ ಹಾಲು ಪೂರ್ತಿ ಸೀದುಹೋಗಿ, ಬರಿದಾದ ಪಾತ್ರೆ ಕಾದು ಸದ್ದು ಮಾಡುತ್ತಿತ್ತು. ದೀಪದ ಸುತ್ತ ಹೊಗೆ ಕಟ್ಟಿಕೊಂಡಿತ್ತು. ಅವಳಿಗೆ ಒಂದಿಷ್ಟೂ ವಾಸನೆ ಬಂದಿರಲಿಲ್ಲ.

ಕಿಟಕಿ ತೆರೆದು ಬಂದು ಕಾಫಿಪುಡಿ, ಇಂಗು, ಕೊನೆಗೆ ಕರ್ಪೂರ, ಎಲ್ಲವನ್ನೂ ಮೂಗಿಗೆ ಹಿಡಿದು ನೋಡಿದಳು. ಏನೂ ಇಲ್ಲ. ಹೋದ ವಾರ ಜ್ವರ ಬಂದು ಹೋದಾಗಿನಿಂದ ಊಟ ರುಚಿಸುತ್ತಿರಲಿಲ್ಲ. ಒಬ್ಬಳೇ ಕೂತು ಉಣ್ಣುವವರಿಗೆ ಹಾಗೇ ಇರಬಹುದು ಎಂದು ಸುಮ್ಮನಿದ್ದಳು.

ಜಪಾನಿನ ನೋಮಿ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಅವಳು ಪ್ಲಾಸ್ಟಿಕ್‌ಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಲ್ಯಾಬಿನಲ್ಲಿ ಎಲ್ಲರೂ ಮರ್ಯಾದಸ್ಥರು, ಸಂಜೆಯಾದರೆ ತಲೆಬಾಗಿಸಿ ಹೊರಟುಬಿಡುವವರು. ಇಡೀ ಊರಿನಲ್ಲಿ ಪ್ರತಿ ಭಾನುವಾರ ಅವಳು ಬರುತ್ತಾಳೆಂದು ಕಾಯುವ ಮನೆ ಒಂದೇ, ಕಿತಾದೆ-ಸಾನ್ ಅವರದು. ಎಂಬತ್ತು ದಾಟಿದ ಮುದುಕರು. ಯುದ್ಧಕಾಲದಲ್ಲಿ ಲೋಹ ಸಾಲದೆ ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹಾಕಿದ ಸೈನಿಕರ ಟೋಪಿಯ ಬಿಲ್ಲೆಗಳನ್ನು ಕೂಡಿಡುವ ಹುಚ್ಚು ಅವರಿಗೆ. ಯಾವ ಬಿಲ್ಲೆ ಯಾವ ಪ್ಲಾಸ್ಟಿಕ್ಕಿನದು ಎಂದು ತಿಳಿಯುವ ಹಳೆಯ ಉಪಾಯವೆಂದರೆ ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ ಮೂಸುವುದು. ಕರ್ಪೂರ ನಾತ ಬಂದರೆ ಸೆಲ್ಯುಲಾಯ್ಡ್, ಫಿನಾಯಿಲ್ ನಾತ ಬಂದರೆ ಬೇಕಲೈಟ್, ವಿನೆಗರ್‌ನ ಹುಳಿ ಬಂದರೆ ಅಸಿಟೇಟ್. ಬೇಕಲೈಟಿನವನ್ನು ಮುಚ್ಚಳ ಬಿಗಿಯಾದ ಮರದ ಪೆಟ್ಟಿಗೆಯಲ್ಲಿ, ಕಿತಾದೆ-ಸಾನ್ ಅವರ ತಂದೆಯ ಟೋಪಿಯಲ್ಲಿದ್ದ ಹಿತ್ತಾಳೆ ನಕ್ಷತ್ರದ ಜೊತೆಗೇ ಇಡಬಹುದು. ಅಸಿಟೇಟ್ ಮಾತ್ರ ಹೊರಗೆ, ಗಾಳಿಯಲ್ಲಿರಬೇಕು. ಮುಚ್ಚಿಟ್ಟರೆ ಅದರ ಹುಳಿ ಆವಿ ಹಿತ್ತಾಳೆಯನ್ನು ತಿಂದುಹಾಕುತ್ತದೆ. ಬಿಲ್ಲೆಗಳನ್ನು ಅವರು ಮನೆಯಿಂದಾಚೆ ಕೊಡುವವರಲ್ಲ, ಹಾಗಾಗಿ ಲ್ಯಾಬಿನ ಯಂತ್ರದಿಂದ ಉಪಯೋಗವಿರಲಿಲ್ಲ. ಅವಳ ಮೂಗೇ ಅವರಿಗೆ ಯಂತ್ರ.

ಮರುದಿನ, ನಮ್ಮ ದೇಶದವರೇ ತುಂಬಿರುವ ಓಜಿಮಾದಲ್ಲಿದ್ದ ಗೆಳತಿ ಅಪೂರ್ವಳಿಗೆ ಫೋನ್ ಮಾಡಿ ಮೂಗಿನ ವಿಷಯ ಹೇಳಿದಳು.

"ಹೇಳ್ಬಿಡೇ ಅವ್ರಿಗೆ, ಸ್ಮೆಲ್ ಹೋಗಿದೆ ಅಂತ. ಎಷ್ಟು ಜನಕ್ಕೆ ಹೀಗಾಗಿಲ್ಲ?"

"ಆಮೇಲೆ?"

"ಆಮೇಲೇನು, ಟೀ ಕುಡ್ಕೊಂಡು ಬಾ."

"ನಿಮ್ಮ ಓಜಿಮಾ ಅಲ್ಲ ಕಣೇ ಇದು, ಲಿಫ್ಟಲ್ಲಿ ಸಿಕ್ಕೋರೆಲ್ಲ ಊಟ ಆಯ್ತಾ ಅನ್ನೋಕೆ. ಬರೀ ಟೀಗೆ ಇಲ್ಲಿ ಯಾರೂ ಕರೆಯಲ್ಲ."

"ನಿನ್ನ ನೋಡೋಕೆ ಬಂದ ಹುಡುಗ್ರೆಲ್ಲ ಸ್ಯಾಲರಿ ಕೇಳಿದ್ರು. ಈ ತಾತ ಒಬ್ರೇ ಮೂಗು ಕೇಳಿದ್ದು. ಬಿಟ್ಕೊಡ್ಬೇಡ." ಆ ಕಡೆ ಮಗಳು ಜಪಾನೀಸಿನಲ್ಲಿ ಏನೋ ಅವಸರಪಡಿಸಿದಳು. "ಬಂದೆ ಬಂದೆ... ವಸು, ಸೀರಿಯಸ್ಸಾಗಿ, ಹೇಳ್ಬಿಡು."

ಹೇಳಲೇಬೇಕು ಎಂದುಕೊಂಡೇ ಭಾನುವಾರ ಹೋದಳು. ಕಿತಾದೆ-ಸಾನ್ ಬಾಗಿಲಲ್ಲೇ ನಿಂತಿದ್ದರು.

"ವಸುಧಾ-ಸಾನ್, ಕಾನಜಾವಾದ ಸಂತೆಯಲ್ಲಿ ಸಿಕ್ಕಿತು. ಬ್ರಿಟಿಷರದು. ಮೊದಲು ಮೂಸಿ, ಆಮೇಲೆ ಬೂಟು ಬಿಚ್ಚಿ."

ಕಿರೀಟ, ಅದರ ಕೆಳಗೆ ಕಹಳೆ. ಕಂದು ಬಣ್ಣ. ಅವಳು ಉಜ್ಜಿ ಮೂಗಿನ ಹತ್ತಿರ ಹಿಡಿದಳು. ಬೆರಳಿನ ಬಿಸಿಯೊಂದು ತಾಗಿತು, ಅಷ್ಟೆ. ಜನರ ಮುಖ ಓದುವುದು ಅವಳ ಹಳೆಯ ಚಾಳಿ. ಮುದುಕರ ಕೈ ಆಗಲೇ ಕಂಕುಳಲ್ಲಿದ್ದ ಮರದ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು.

"ಬೇಕಲೈಟ್," ಅಂದಳು.

"ನಾನೂ ಹಾಗೇ ಅಂದುಕೊಂಡೆ," ಎಂದು ಅವರು ಒಳಗೆ ಮೇಜಿನ ದೀಪದ ಬಳಿ ಕೂತು ಬಿಲ್ಲೆಯನ್ನು ನಕ್ಷತ್ರದ ಪಕ್ಕದಲ್ಲಿಟ್ಟು ಮುಚ್ಚಿದರು. ಅವರ ಹೆಂಡತಿ ಫುಮಿಎ-ಸಾನ್ ಟೀ ತಂದಿಟ್ಟರು. ವಸುಧಾ, ಕಿತಾದೆ-ಸಾನ್ ಇಬ್ಬರೂ ಕುಡಿದು ಚೆನ್ನಾಗಿದೆ ಎಂದರು. ಫುಮಿಎ-ಸಾನ್ ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದರು.

ವಾಪಸ್ಸು ಬಸ್ಸಿನಲ್ಲಿ ಕೂತಾಗ ಅವಳಿಗೆ ಹೊಳೆಯಿತು. ಮೇಜಿನ ದೀಪದೆದುರು ಬಂದಾಗ ಬಿಲ್ಲೆಯ ತೆಳು ಅಂಚು ಜೇನಿನ ಹಾಗೆ ಬೆಳಗಿತ್ತು. ಬೇಕಲೈಟ್ ಬೆಳಕನ್ನು ಹಾಯಲು ಬಿಡುವುದಿಲ್ಲ. ಅಸಿಟೇಟ್ ಬಿಡುತ್ತದೆ. ಪೆಟ್ಟಿಗೆಯೊಳಗೆ ನಕ್ಷತ್ರ ಹಸಿರುಗಟ್ಟುವುದನ್ನು ನೆನೆಯುತ್ತ ಅವಳು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ನಿಜ ಹೇಳಿದರೆ ಭಾನುವಾರ ಹೋಯಿತು. ಹೇಳದಿದ್ದರೆ ಆ ಮುದುಕರ ತಂದೆಯದೆಂದು ಉಳಿದಿರುವ ಒಂದೇ ವಸ್ತು ಹೋಯಿತು.

ಸೋಮವಾರ ಲ್ಯಾಬಿನಿಂದ ನೇರ ಅವರ ಮನೆಗೆ ಹೋದಳು. ಕಿತಾದೆ-ಸಾನ್ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಹೋಗಿದ್ದರು. ಬಾಗಿಲು ತೆರೆದವರು ಫುಮಿಎ-ಸಾನ್.

"ಸುಮಿಮಾಸೆನ್, ಕ್ಷಮಿಸಿ. ನಿನ್ನೆಯ ಬಿಲ್ಲೆ... ಅದನ್ನು ಪೆಟ್ಟಿಗೆಯಿಂದ ತೆಗೆಯಬೇಕು."

"ತೆಗೆದಿದ್ದೇನೆ. ಬನ್ನಿ."

ಅಡುಗೆಮನೆಯ ಕಿಟಕಿಯ ಹತ್ತಿರ ಚಿಕ್ಕ ತಟ್ಟೆಯಲ್ಲಿ ಬಿಲ್ಲೆ ಇತ್ತು. ಪಕ್ಕದಲ್ಲಿ ಒಂದು ಜೊತೆ ಚಾಪ್‌ಸ್ಟಿಕ್.

"ರಾತ್ರಿ ಆ ಕೋಣೆಯಲ್ಲಿ ಉಪ್ಪಿನಕಾಯಿ ಕೆಟ್ಟ ಹಾಗೆ ಹುಳಿ ನಾತ. ಕೈಯಲ್ಲಿ ಮುಟ್ಟಲಿಲ್ಲ. ನಾನು ಹುಟ್ಟುವ ಮೊದಲೇ ಯುದ್ಧಕ್ಕೆ ಹೋದ ಅಪ್ಪ ತಿರುಗಿ ಬರಲಿಲ್ಲ. ಈ ಸಾಮಾನು ಮುಟ್ಟುವುದಿಲ್ಲ ಎಂದು ಮದುವೆಯಲ್ಲೇ ಹೇಳಿದ್ದೆ."

"ನನಗೆ ವಾಸನೆ ಬರುವುದಿಲ್ಲ," ಎಂದಳು ವಸುಧಾ.

"ಗೊತ್ತು. ನಿನ್ನೆಯ ಟೀ ಎಲೆಯನ್ನು ಹುರಿಯುವಾಗ ಸುಟ್ಟುಬಿಟ್ಟಿದ್ದೆ. ಬೇರೆ ಮಾಡಲು ಸೋಮಾರಿತನ. ನೀವಿಬ್ಬರೂ ಚೆನ್ನಾಗಿದೆ ಎಂದಿರಿ. ಅವರ ಮೂಗು ಹೋಗಿ ವರ್ಷಗಳಾದವು, ಒಪ್ಪಿಕೊಳ್ಳುವುದಿಲ್ಲ. ನಿಮ್ಮದು ಹೊಸದು."

"ಅವರಿಗೆ ಹೇಳಿಬಿಡುತ್ತೇನೆ."

"ಬೇಡ. ನಿಮಗೆ ಮೂಸಲಾಗುವುದಿಲ್ಲವೆಂದು ತಿಳಿದರೆ ಪೆಟ್ಟಿಗೆ ಮುಚ್ಚಿ ಟಿವಿ ಮುಂದೆ ಕೂರುತ್ತಾರೆ. ನಾನು ತೆಗೆದೆನೆಂದು ತಿಳಿದರೆ ಇನ್ನೂ ಕಷ್ಟ, ಪ್ರತಿಯೊಂದಕ್ಕೂ ನನ್ನನ್ನೇ ಕರೆಯುತ್ತಾರೆ." ಮುದುಕಿ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು. "ನೀವು ಬರುವ ತನಕ ಅವರು ಪೆಟ್ಟಿಗೆ ತೆರೆಯುವುದಿಲ್ಲ, ಭಾನುವಾರ ಬೆಳಿಗ್ಗೆ ಮತ್ತೆ ಅಲ್ಲೇ ಇಟ್ಟಿರುತ್ತೇನೆ. ನೀವು ಬಂದು ಏನಾದರೂ ಹೇಳಿ ತೆಗೆಸಿ."

"ದೀಪಕ್ಕೆ ಹಿಡಿದರೆ ಅಂಚು ಹೊಳೆಯುತ್ತದೆ. ತಪ್ಪಾಯಿತು ಅನ್ನುತ್ತೇನೆ."

"ಅನ್ನಿ. ಬೇರೆಯವರ ತಪ್ಪೆಂದರೆ ಅವರಿಗೆ ಬಹಳ ಖುಷಿ."

ವಸುಧಾ ಕೂರಲಿಲ್ಲ, ಅವರೂ ಕೂರಿಸಲಿಲ್ಲ. ಬಾಗಿಲಲ್ಲಿ ಇಬ್ಬರೂ ತಲೆಬಾಗಿದರು. ಹೊರಗೆ ಬಂದ ಮೇಲೆ ಅವಳಿಗೆ ತಿಳಿಯಿತು: ಈ ಊರಿನಲ್ಲಿ ತನ್ನ ವಿಷಯ ಗೊತ್ತಿರುವವರು ಇವರೊಬ್ಬರೇ, ಇವರೊಂದಿಗೂ ಇನ್ನು ಮೇಲೆ ಆ ಮಾತು ಆಡುವಂತಿಲ್ಲ. ಭಾನುವಾರ ಉಳಿಯಿತು. ಅಲ್ಲಿ ಕೂತು ಬಾರದ ವಾಸನೆ ಬಂದ ಹಾಗೆ ತಲೆಯಾಡಿಸುತ್ತಿರಬೇಕು, ಎದುರಿಗೆ ಇನ್ನೊಬ್ಬರೂ ಹಾಗೆಯೇ ತಲೆಯಾಡಿಸುತ್ತಿರುತ್ತಾರೆ.

ಬಸ್ ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಫೋನ್ ಬಂತು.

"ಹೇಳಿದ್ಯೇನೇ? ಏನಂದ್ರು ತಾತ?"

ಅಪೂರ್ವಳಿಗೆ ಹೇಳಿದರೆ ಓಜಿಮಾದಲ್ಲಿ ಒಂದು ಸಂಜೆಯ ನಗುವಾಗುತ್ತದೆ. ಚಾಪ್‌ಸ್ಟಿಕ್ಕಿನಲ್ಲಿ ಬಿಲ್ಲೆ ಎತ್ತಿದ ಆ ಕೈ ನಗುವಿಗೆ ಸಿಗುವುದು ವಸುಧಾಳಿಗೆ ಬೇಕಿರಲಿಲ್ಲ. ಯಾರಿಗೂ ಹೇಳುವುದಿಲ್ಲ, ಇವಳಿಗೂ ಇಲ್ಲ ಎಂದು ಗಟ್ಟಿಮಾಡಿಕೊಂಡಳು.

"ಇಲ್ಲ ಕಣೇ," ಅಂದಳು. "ಅವ್ರು ಮನೇಲಿರ್ಲಿಲ್ಲ. ನಿನ್ ಮಗಳು ಊಟ ಮಾಡಿದ್ಲಾ?"